ನೆಂಟರ ಮುಂದೆ ಒಂದು ತಟ್ಟೆ ತರಕಾರಿ

ಅಕ್ಟೋಬರ್ ರಜೆ ಬಂತೆಂದರೆ ನಿಮ್ಮ ಮನೆಗೂ ನೆಂಟರು ಬರುತ್ತಾರಲ್ಲವೇ ಸಹೋದರಿ? ಶಾಲೆಗಳಿಗೆ ದಸರಾ ರಜೆ. ಮದುವೆಯಾಗಿ ಹೋದ ನಾದಿನಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬರುತ್ತಾಳೆ. ಬೆಂಗಳೂರಿನಲ್ಲಿರುವ ಮೈದುನ, ಅವನ ಹೆಂಡತಿ, ಜೊತೆಗೆ ಅವರ ಅತ್ತೆ. ಈದ್‌ನ ಮಾತು ಬೇರೆ. ಅದು ಚಂದ್ರನ ಲೆಕ್ಕ. ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬರುತ್ತಾ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2006ರಲ್ಲಿ ಈದುಲ್ ಫಿತ್ರ್ ಇದೇ ಅಕ್ಟೋಬರ್‌ನಲ್ಲಿ ಬಂದಿತ್ತು, ನೆನಪಿದೆಯೇ? ಆದರೆ ದಸರಾ ರಜೆಯ ನೆಂಟರು ಮಾತ್ರ ಪ್ರತಿ ವರ್ಷವೂ ಮಳೆ ನಿಲ್ಲುವ ಹೊತ್ತಿಗೇ ಬರುತ್ತಾರೆ.

ನೆಂಟರು ಬರುವುದು ಬರ್ಕತ್. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ನಾಲ್ಕೈದು ದಿನ ನೀವು ಎಲ್ಲಿರುತ್ತೀರಿ ಎಂದು ಒಮ್ಮೆ ಯೋಚಿಸಿ. ಹಜಾರದಲ್ಲಿ ನಗು, ಮಾತು, ಮಕ್ಕಳ ಗಲಾಟೆ. ನೀವು ಬಾಣಲೆಯ ಮುಂದೆ. ಸಮೋಸ ಕರಿದು ಮುಗಿಯುವಷ್ಟರಲ್ಲಿ ಚಹಾ, ಚಹಾ ಮುಗಿಯುವಷ್ಟರಲ್ಲಿ ರಾತ್ರಿಯ ಅಡುಗೆ. ವರ್ಷಕ್ಕೊಮ್ಮೆ ಬರುವ ನಾದಿನಿಯ ಹತ್ತಿರ ಕುಳಿತು ಹತ್ತು ನಿಮಿಷ ಅವಳ ಕಷ್ಟಸುಖ ಕೇಳಲು ನಿಮಗೆ ಪುರುಸೊತ್ತು ಸಿಗುವುದಿಲ್ಲ. ಅವಳು ಬಂದದ್ದು ಸಮೋಸ ತಿನ್ನಲಿಕ್ಕೇ?

ಇನ್ನೊಂದು ವಿಷಯವಿದೆ. ನನ್ನ ಖಾಲಾ ಒಬ್ಬರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಸಿಹಿ ಬೇಡವೆಂದರೆ ಮನೆಯವರ ಮನಸ್ಸು ನೋಯುತ್ತದೆಂದು ಹೋದಲ್ಲೆಲ್ಲ ಒಂದು ಚಮಚ ಶೀರ್ ಖುರ್ಮಾ, ಒಂದು ತುಂಡು ಹಲ್ವಾ ಬಾಯಿಗೆ ಹಾಕಿಕೊಳ್ಳುತ್ತಿದ್ದರು. "ಎಲ್ಲರ ಮನೇಲೂ ಒಂದೇ ಚಮಚ ಬೇಟಿ, ಆದ್ರೆ ಮನೆಗಳು ಹತ್ತಿವೆಯಲ್ಲಾ" ಎಂದು ನಗುತ್ತಿದ್ದರು. 2019ರಲ್ಲಿ ಅವರ ಕಾಲಿನ ಒಂದು ಬೆರಳನ್ನು ತೆಗೆಯಬೇಕಾಯಿತು. ಒಂದು ಚಮಚದಿಂದಲೇ ಹಾಗಾಯಿತೆಂದು ನಾನು ಹೇಳಲಾರೆ. ಆದರೆ ಪ್ರತಿ ಮನೆಯಲ್ಲೂ ನಾವು, "ನಮ್ಮ ಮೇಲೆ ಪ್ರೀತಿ ಇಲ್ಲವೇ? ಸ್ವಲ್ಪ ತಿನ್ನಿ" ಎಂದು ಒತ್ತಾಯಿಸುವಾಗ ಯಾರ ಕೈಯಲ್ಲಿ ಏನು ಕೊಡುತ್ತಿದ್ದೇವೆಂದು ನೋಡುವುದೇ ಇಲ್ಲ. ಈಗ ಸಕ್ಕರೆ ಕಾಯಿಲೆಯವರಿಲ್ಲದ ಮನೆ ಯಾವುದಿದೆ ಹೇಳಿ? ಅವರ ಮುಂದೆ ಇಡಲು ನಮ್ಮ ದಸ್ತರ್‌ಖಾನ್‌ನಲ್ಲಿ ಏನಿದೆ?

ಅತಿಥಿ ಸತ್ಕಾರವೆಂದರೆ ನಾವು ಸಾಮಾನ್ಯವಾಗಿ ಇಬ್ರಾಹೀಮ್(ಅ)ರ ಕರುವನ್ನು ನೆನೆಯುತ್ತೇವೆ. ಕುರ್‌ಆನ್‌ನ ಅದ್ದಾರಿಯಾತ್ ಅಧ್ಯಾಯದಲ್ಲಿ ಆ ಪ್ರಸಂಗವಿದೆ. ಕೊಬ್ಬಿದ ಕರುವನ್ನೇ ಅವರು ಬಡಿಸಿದ್ದು ನಿಜ. ಆದರೆ ಮದ್ರಸದಲ್ಲಿ ಆ ಸೂಕ್ತಗಳನ್ನು ಓದುವಾಗ ನಮ್ಮ ಉಸ್ತಾದರು ಬೊಟ್ಟು ಮಾಡಿ ತೋರಿಸಿದ್ದು ಬೇರೆಯದನ್ನು. ಅವರು ಅತಿಥಿಗಳಿಗೆ ಗೊತ್ತಾಗದಂತೆ ಮೆಲ್ಲನೆ ಎದ್ದು ಮನೆಯವರ ಬಳಿಗೆ ಹೋದರು. ಏನು ಬೇಕು, ತಿನ್ನುತ್ತೀರಾ ಎಂದು ಕೇಳಿ ಅವರನ್ನು ಸಂಕೋಚಕ್ಕೆ ಸಿಕ್ಕಿಸಲಿಲ್ಲ. ತಂದದ್ದನ್ನು ಅವರ ಹತ್ತಿರಕ್ಕೇ ಸರಿಸಿ ಇಟ್ಟರು. ಈ ಮೂರೂ ಕೆಲಸಕ್ಕೆ ಕರು ಬೇಕಾಗಿಲ್ಲ.

ಸಲ್ಮಾನುಲ್ ಫಾರಿಸೀ(ರ)ಯವರ ಕಥೆಯಂತೂ ನನಗೆ ಬಹಳ ಇಷ್ಟ. ಅವರ ಮನೆಗೆ ಇಬ್ಬರು ಅತಿಥಿಗಳು ಬಂದರು. ಮನೆಯಲ್ಲಿದ್ದದ್ದು ರೊಟ್ಟಿ ಮತ್ತು ಉಪ್ಪು. ಅದನ್ನೇ ಮುಂದಿಟ್ಟು, ಅತಿಥಿಗಳಿಗಾಗಿ ಶಕ್ತಿಮೀರಿ ಕಷ್ಟಪಡುವುದನ್ನು ಪ್ರವಾದಿವರ್ಯರು(ಸ) ತಡೆಯದೆ ಇದ್ದಿದ್ದರೆ ನಿಮಗಾಗಿ ಇನ್ನೇನಾದರೂ ಮಾಡುತ್ತಿದ್ದೆ ಎಂದರು. ಅತಿಥಿಗಳಲ್ಲೊಬ್ಬರು ಉಪ್ಪಿನ ಜೊತೆಗೆ ಸ್ವಲ್ಪ ಝಅತರ್ ಸೊಪ್ಪು ಇದ್ದಿದ್ದರೆ ಚೆನ್ನಾಗಿತ್ತು ಎಂದುಬಿಟ್ಟರು. ಸಲ್ಮಾನ್(ರ) ತಮ್ಮ ವುಝೂವಿನ ಪಾತ್ರೆಯನ್ನು ಅಂಗಡಿಯವನ ಬಳಿ ಅಡವಿಟ್ಟು ಅದನ್ನು ತರಿಸಿಕೊಟ್ಟರು. ಊಟವಾದ ಮೇಲೆ ಆ ಅತಿಥಿ, ಇದ್ದುದರಲ್ಲೇ ತೃಪ್ತಿ ಕೊಟ್ಟ ಅಲ್ಲಾಹನಿಗೆ ಸ್ತುತಿ ಎಂದಾಗ ಸಲ್ಮಾನ್(ರ) ಹೇಳಿದ್ದೇನು ಗೊತ್ತೇ? ನೀವು ತೃಪ್ತರಾಗಿದ್ದರೆ ನನ್ನ ಪಾತ್ರೆ ಅಂಗಡಿಯಲ್ಲಿ ಅಡವಿರುತ್ತಿರಲಿಲ್ಲ ಎಂದು! ನಮ್ಮಲ್ಲಿ ಎಷ್ಟು ಮನೆಗಳ ಪಾತ್ರೆಗಳು ನೆಂಟರಿಗಾಗಿ ಅಡವಿಗೆ ಹೋಗಿವೆಯೋ ಅಲ್ಲಾಹನೇ ಬಲ್ಲ.

ಹಾಗೆಂದು ಬಿರಿಯಾನಿ ಬಿಡಿ ಎಂದು ನಾನು ಹೇಳುವುದಿಲ್ಲ. ಅತಿಥಿಗೆ ಒಂದು ಹಗಲು ಒಂದು ರಾತ್ರಿ ವಿಶೇಷ ಸತ್ಕಾರ, ಒಟ್ಟು ಆತಿಥ್ಯ ಮೂರು ದಿನ ಎಂದು ಹದೀಸ್‌ನಲ್ಲಿದೆ. ಮೊದಲ ದಿನ ನಿಮ್ಮ ಕೈಲಾದದ್ದನ್ನು ಮಾಡಿ. ಎರಡನೆಯ ದಿನ ಸಂಜೆ ಬಾಣಲೆಯನ್ನು ಮುಟ್ಟಬೇಡಿ. ಒಂದು ದೊಡ್ಡ ತಟ್ಟೆಯಲ್ಲಿ ಹೆಚ್ಚಿದ ತರಕಾರಿ, ನಡುವೆ ಅದ್ದಿಕೊಂಡು ತಿನ್ನಲು ಒಂದು ಬಟ್ಟಲು ಗಟ್ಟಿ ಚಟ್ನಿ ಇಡಿ. ಗಲ್ಫ್‌ನಿಂದ ಬಂದವರಿಗೆ ಹಮ್ಮುಸ್, ಮುತಬ್ಬಲ್ ಗೊತ್ತು. ಪೇಟೆಯ ಮಕ್ಕಳು ಡಿಪ್ ಎನ್ನುತ್ತಾರೆ. ಹೆಸರು ಏನಾದರೂ ಇರಲಿ.

ಈ ತಿಂಗಳಿಗೆ ಸಿಹಿಗುಂಬಳದ ಡಿಪ್ ಹೇಳಿ ಮಾಡಿಸಿದಂತಿದೆ. ನಮ್ಮ ಕಡೆ ಸಿಹಿಗುಂಬಳ, ಕರಾವಳಿಯವರಿಗೆ ಚೀನಿಕಾಯಿ. ಎಂಟು ಜನರಿಗೆ ಅರ್ಧ ಕಿಲೋ ಸಾಕು. ಬೀಜ ತೆಗೆದು, ಸಿಪ್ಪೆಯ ಸಮೇತ ದಪ್ಪ ಹೋಳು ಮಾಡಿ ಇಡ್ಲಿ ಪಾತ್ರೆಯಲ್ಲಿ ಹಬೆಗಿಡಿ. ಕುಕ್ಕರಿನಲ್ಲಿ ನೀರು ಹಾಕಿ ಬೇಯಿಸಿದರೆ ನೀರು ಕುಡಿದು ಗೊಜ್ಜಿನಂತಾಗುತ್ತದೆ. ಬೆಂದ ತಿರುಳನ್ನು ಚಮಚದಿಂದ ಕೆರೆದು, ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಐದು ನಿಮಿಷ ಕೈಯಾಡಿಸಿ. (ಬಾಣಲೆ ಮುಟ್ಟಬೇಡಿ ಎಂದವಳೇ ಹೀಗೆ ಹೇಳುತ್ತಿದ್ದೇನೆ, ಕರಿಯುವುದಲ್ಲವಲ್ಲ!) ಎರಡು ದೊಡ್ಡ ಚಮಚ ಬಿಳಿ ಎಳ್ಳನ್ನು ಚಟಪಟ ಎನ್ನುವವರೆಗೆ ಹುರಿದು, ಒಂದು ಚಮಚ ಎಣ್ಣೆಯೊಂದಿಗೆ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. ಅದಕ್ಕೆ ತಣ್ಣಗಾದ ಕುಂಬಳ, ಅರ್ಧ ನಿಂಬೆಹಣ್ಣಿನ ರಸ, ಹುರಿದ ಜೀರಿಗೆ ಪುಡಿ ಅರ್ಧ ಚಮಚ, ಕಾಳುಮೆಣಸು, ಉಪ್ಪು ಸೇರಿಸಿ ಒಂದು ಸುತ್ತು ತಿರುಗಿಸಿ. ಹಿಂದಿನ ರಾತ್ರಿಯೇ ಅರ್ಧ ಲೀಟರ್ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಕೆಳಗೊಂದು ಪಾತ್ರೆಯಿಟ್ಟು ಫ್ರಿಜ್ಜಿನಲ್ಲಿ ತೂಗುಹಾಕಿದ್ದರೆ ಬೆಳಗ್ಗೆ ಗಟ್ಟಿ ಮೊಸರು ಸಿಗುತ್ತದೆ. ಅದನ್ನು ಕೊನೆಯಲ್ಲಿ ಕೈಯಿಂದಲೇ ಬೆರೆಸಿ. ಮಿಕ್ಸಿಗೆ ಹಾಕಿದರೆ ತೆಳ್ಳಗಾಗುತ್ತದೆ. ಕೆಳಗೆ ಇಳಿದ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿ, ಮೆತ್ತಗೆ ಬರುತ್ತದೆ. ಇಡೀ ಬಟ್ಟಲಿಗೆ ಒಂದು ಕಾಳು ಸಕ್ಕರೆ ಬೇಡ. ಕುಂಬಳದ ಸಿಹಿ ಸಾಕು.

ಒಂದು ಮಾತು. ಅನಸ್(ರ)ರ ಹದೀಸ್ ನೀವು ಕೇಳಿರಬಹುದು. ಒಬ್ಬ ದರ್ಜಿಯ ಮನೆಯ ಊಟದಲ್ಲಿ ಪ್ರವಾದಿವರ್ಯರು(ಸ) ತಟ್ಟೆಯ ಸುತ್ತ ದುಬ್ಬಾದ ಹೋಳುಗಳನ್ನು ಹುಡುಕಿ ತಿಂದುದನ್ನು ಕಂಡು, ಅಂದಿನಿಂದ ಅನಸ್(ರ)ರಿಗೂ ಅದರ ಮೇಲೆ ಪ್ರೀತಿ ಹುಟ್ಟಿತು. ಕೆಲವರು ಆ ದುಬ್ಬಾ ಸಿಹಿಗುಂಬಳವೆಂದು ಹೇಳಿಬಿಡುತ್ತಾರೆ. ಅಲ್ಲ, ಅದು ಸೋರೆಕಾಯಿ. ಸಿಹಿಗುಂಬಳ ಅಮೆರಿಕ ಖಂಡದ್ದು, 1492ರ ನಂತರವೇ ಈಚೆಗೆ ಬಂದದ್ದು. ರುಚಿಯ ಪದಾರ್ಥಕ್ಕೆ ಇಲ್ಲದ ಸುನ್ನತ್ ಅಂಟಿಸುವುದು ಬೇಡ. ಸುನ್ನತ್ ಬೇಕೆಂದರೆ ತಟ್ಟೆಯಲ್ಲಿ ಸೌತೆಕಾಯಿಯ ಪಕ್ಕ ನಾಲ್ಕು ಖರ್ಜೂರ ಇಡಿ. ಅವೆರಡನ್ನೂ ಜೊತೆಯಾಗಿ ಅವರು(ಸ) ತಿಂದದ್ದಕ್ಕೆ ಸರಿಯಾದ ಹದೀಸ್ ಇದೆ. ಸಕ್ಕರೆ ಕಾಯಿಲೆಯವರು ಸೌತೆಕಾಯಿಯನ್ನಷ್ಟೇ ಎತ್ತಿಕೊಳ್ಳಲಿ.

ಬೆಳ್ಳುಳ್ಳಿಯ ವಿಷಯವೂ ಹೀಗೆಯೇ. ಡಿಪ್‌ಗೆ ಹಸಿ ಬೆಳ್ಳುಳ್ಳಿ ರುಚಿ. ಆದರೆ ಅಸರ್ ಆದ ಮೇಲೆ ಇದನ್ನು ತಿಂದ ಗಂಡಸರು ಮಗ್ರಿಬ್‌ಗೆ ಮಸೀದಿಗೆ ಹೋಗಬೇಕಲ್ಲ? ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದವರು ಮಸೀದಿಯಿಂದ ದೂರವಿರಲಿ ಎಂಬ ಆದೇಶವಿದೆ. ತಿನ್ನುವುದಿದ್ದರೆ ಬೇಯಿಸಿ ಅದರ ವಾಸನೆ ಕೊಲ್ಲಿರೆಂದು ಉಮರ್(ರ) ಹೇಳಿದ್ದಾರೆ. ನಾಲ್ಕೆಸಳನ್ನು ಸಿಪ್ಪೆಯೊಂದಿಗೆ ಕಾವಲಿಯ ಮೇಲೆ ಮೆತ್ತಗಾಗುವವರೆಗೆ ಸುಟ್ಟು ಸೇರಿಸಿ.

ತರಕಾರಿಗೆ ಸೌತೆಕಾಯಿ, ಕ್ಯಾರೆಟ್, ಮೂಲಂಗಿ, ದೊಣ್ಣೆ ಮೆಣಸು. ಎಳೆಯ ನವಿಲುಕೋಸು ಸಿಕ್ಕರೆ ಬಿಡಬೇಡಿ, ಅದರಷ್ಟು ಗರಿಗರಿ ಬೇರೊಂದಿಲ್ಲ. ಹೂಕೋಸು ಮತ್ತು ಬೀನ್ಸನ್ನು ಉಪ್ಪು ಹಾಕಿದ ಕುದಿನೀರಿನಲ್ಲಿ ಎರಡು ನಿಮಿಷ ಬಿಟ್ಟು ತಣ್ಣೀರಿಗೆ ಹಾಕಿ ತೆಗೆಯಿರಿ. ಬೀಟ್‌ರೂಟ್ ಎಲ್ಲದಕ್ಕೂ ಬಣ್ಣ ಹಚ್ಚುತ್ತದೆ, ಟೊಮೆಟೊ ನೀರು ಬಿಡುತ್ತದೆ, ಎರಡೂ ಬೇಡ. ಸೌತೆಕಾಯಿಯ ತುದಿ ಕತ್ತರಿಸಿ ರುಚಿ ನೋಡಿ, ಕಹಿಯಿದ್ದರೆ ಎಸೆಯಿರಿ. ಕ್ಯಾರೆಟ್, ಮೂಲಂಗಿಯನ್ನು ಬೆಳಗ್ಗೆಯೇ ಹೆಚ್ಚಿ ತಣ್ಣೀರಿನಲ್ಲಿಟ್ಟರೆ ಸಂಜೆಗೂ ಗರಿಗರಿ. ಸೌತೆಕಾಯಿಯನ್ನು ಬಡಿಸುವ ಮುಂಚೆಯಷ್ಟೇ ಹೆಚ್ಚಿ. ಮುಖ್ಯವಾದದ್ದು: ಇವೆಲ್ಲ ಹಸಿಯಾಗಿಯೇ ಹೊಟ್ಟೆಗೆ ಹೋಗುವಂಥವು. ಆದ್ದರಿಂದ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಮಾಂಸ ಕತ್ತರಿಸಿದ ಮಣೆ, ಚಾಕು ಇದಕ್ಕೆ ಬೇಡವೇ ಬೇಡ.

ಮನೆಯಲ್ಲಿ ಹಿರಿಯರು ಒಪ್ಪುವುದು ಕಷ್ಟ, ಗೊತ್ತು. ನಮ್ಮ ಅತ್ತೆ ಮೊದಲ ಸಲ ತಟ್ಟೆ ನೋಡಿ, "ಏನಮ್ಮಾ, ನೆಂಟರಿಗೋ ಮೊಲಕ್ಕೋ?" ಎಂದು ಕೇಳಿದರು. ನಾನು ವಾದಿಸಲಿಲ್ಲ. ಪಕ್ಕದಲ್ಲಿ ಚಪಾತಿಯನ್ನು ಮೂಲೆಮೂಲೆಯಾಗಿ ಕತ್ತರಿಸಿ ಕಾವಲಿಯ ಮೇಲೆ ಗರಿಗರಿ ಮಾಡಿಟ್ಟೆ. ಮಕ್ಕಳು ಅದಕ್ಕಾಗಿ ಕೈ ಹಾಕಿ ಡಿಪ್‌ನ ರುಚಿ ಹಿಡಿದರು. ಖಾಲಾ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು ಕುಳಿತರು. ಯಾರೂ ಅವರಿಗೆ "ಸ್ವಲ್ಪ ತಿನ್ನಿ" ಎನ್ನಬೇಕಾಗಲಿಲ್ಲ. ಅವರೂ ಯಾರಿಗೂ "ಬೇಡ" ಎನ್ನಬೇಕಾಗಲಿಲ್ಲ. ನಾನು, ನಾದಿನಿ ಅಲ್ಲೇ ಚಾಪೆಯ ಮೇಲೆ ಕುಳಿತು ಮಗ್ರಿಬ್ ಅಝಾನ್‌ವರೆಗೆ ಮಾತಾಡಿದೆವು. ಅವಳ ಮಗಳಿಗೆ ಓದು ನಿಲ್ಲಿಸಿ ಸಂಬಂಧ ನೋಡುತ್ತಿದ್ದಾರೆಂಬುದು ನನಗೆ ತಿಳಿದದ್ದು ಆ ಸಂಜೆಯೇ.

ಹೆಚ್ಚುವ ಕೆಲಸವನ್ನು ಗಂಡುಮಕ್ಕಳಿಗೆ ಕೊಡಿ. ಹತ್ತು ವರ್ಷದ ಹುಡುಗ ಕ್ಯಾರೆಟ್ ಸಿಪ್ಪೆ ಹೆರೆಯಬಲ್ಲ. ಉಳಿದ ಡಿಪ್ ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ. ಬೆಳಗ್ಗೆ ಅದನ್ನು ದೋಸೆಗೆ ಚಟ್ನಿಯಂತೆ ಹಚ್ಚಿ ನೋಡಿ.