ಊಟದ ಲೆಕ್ಕ

ಸೇಲಂ ನಗರದ ನೇಕಾರರ ಬೀದಿಯೊಂದರಲ್ಲಿ, ಮಗ್ಗದ ಸದ್ದು ನಿಲ್ಲದ ಒಂದು ಮನೆ. ಆ ಮನೆಯ ಅಕ್ಕಿಡಬ್ಬಿಯ ಮೇಲೆ ಹಸಿರು ರಟ್ಟಿನ ನೋಟುಪುಸ್ತಕವೊಂದು ಸದಾ ಇರುತ್ತದೆ. ಅದರಲ್ಲಿ ಮಗಳು ಪ್ರತಿದಿನ ಏನು ತಿಂದಳು, ಎಷ್ಟು ತಿಂದಳು ಎಂಬುದನ್ನು ತಾಯಿ ಬರೆದಿಡುತ್ತಾಳೆ. ಬರೆಯುವುದು ಕನ್ನಡದಲ್ಲಿ. ತಾಯಿಯ ತವರು ಹೊಸೂರಿನ ಕಡೆ. ಕೃಷ್ಣಗಿರಿ ಜಿಲ್ಲೆಯು 2004ರಲ್ಲಿ ಬೇರೆಯಾಗುವ ಮೊದಲು ಅದು ಧರ್ಮಪುರಿ ಜಿಲ್ಲೆಗೆ ಸೇರಿತ್ತು. ಧರ್ಮಪುರಿಯಾದರೂ 1965ರವರೆಗೆ ಸೇಲಂ ಜಿಲ್ಲೆಯ ಭಾಗವೇ. ಗಡಿಗೆರೆಗಳು ಹೀಗೆ ಬದಲಾದರೂ ಅಲ್ಲಿನ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರ ಆಕೆಯ ಕೈಬಿಟ್ಟಿಲ್ಲ.

ನೋಟುಪುಸ್ತಕ ಆರಂಭವಾದದ್ದು ಒಂದು ಜೂನ್ ತಿಂಗಳಲ್ಲಿ. ಹದಿಮೂರು ವರ್ಷದ ಮಗಳು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಸಂಜೆ ಪುಸ್ತಕ ತೆರೆದರೆ ಅದರ ಮೇಲೆಯೇ ತಲೆಯಿಟ್ಟು ಮಲಗುತ್ತಿದ್ದಳು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.4 ಗ್ರಾಂ ಎಂದು ಬಂದಿತು. ಆ ವಯಸ್ಸಿಗೆ 12 ಇರಬೇಕು. ವೈದ್ಯೆ ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, “ಇವಳು ತಿನ್ನುವುದನ್ನೆಲ್ಲ ಬರೆದಿಡಿ, ಮುಂದಿನ ಸಲ ತನ್ನಿ” ಎಂದರು.

ಮಗ ಆಗ ಕಂಪ್ಯೂಟರ್ ಓದುತ್ತಿದ್ದ. ಅಮ್ಮನ ಬರಹವನ್ನು ನೋಡಿ ಅವನು ಚಿಕ್ಕದೊಂದು ತಂತ್ರಾಂಶ ಸಿದ್ಧಪಡಿಸಿದ. ತಿಂದ ಪದಾರ್ಥ ಮತ್ತು ತೂಕವನ್ನು ಕೊಟ್ಟರೆ ಶಕ್ತಿ, ಸಸಾರಜನಕ, ಸುಣ್ಣಾಂಶ, ಕಬ್ಬಿಣಾಂಶ ಎಷ್ಟೆಂದು ಅದು ಹೇಳುತ್ತಿತ್ತು. ಅಂಕಿಗಳನ್ನು ಅವನು ತೆಗೆದುಕೊಂಡದ್ದು ಕಾಲೇಜು ಗ್ರಂಥಾಲಯದಲ್ಲಿ ದೊರೆತ ಹಳೆಯ ಗ್ರಂಥದಿಂದ. ಸಿ. ಗೋಪಾಲನ್, ಬಿ. ವಿ. ರಾಮಶಾಸ್ತ್ರಿ ಮತ್ತು ಎಸ್. ಸಿ. ಬಾಲಸುಬ್ರಮಣಿಯನ್ ಅವರು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಿಂದ ಹೊರತಂದ, ಭಾರತೀಯ ಆಹಾರಗಳ ಪೋಷಕ ಮೌಲ್ಯವನ್ನು ತಿಳಿಸುವ ಗ್ರಂಥವದು. ಪದಾರ್ಥಗಳ ಹೆಸರುಗಳನ್ನು ಮಾತ್ರ ಅಮ್ಮನ ಬಾಯಿಂದಲೇ ಕೇಳಿ ಬರೆದುಕೊಂಡ: ರಾಗಿ, ಸಾಮೆ, ಸಜ್ಜೆ, ನುಗ್ಗೆಸೊಪ್ಪು, ಹುರುಳಿ. ದಿನದ ಅಗತ್ಯ ತುಂಬಿದರೆ ತೆರೆಯ ಮೇಲೆ ಹಸಿರು ಬಣ್ಣ, ತುಂಬದಿದ್ದರೆ ಕೆಂಪು.

ಆ ಹಸಿರಿಗಾಗಿ ಮನೆಯ ಅಡುಗೆ ನಿಧಾನವಾಗಿ ಬದಲಾಯಿತು. ಪಡಿತರದ ಅಕ್ಕಿ 2011ರಿಂದ ತಮಿಳುನಾಡಿನಲ್ಲಿ ಉಚಿತವಾಗಿ ದೊರೆಯುತ್ತಿದೆ. ಹಸಿವು ಹಿಂಗಿಸಿದ ಆ ಅಕ್ಕಿಯೇ ಅನೇಕ ಮನೆಗಳಲ್ಲಿ ಮುದ್ದೆಯನ್ನು ಹಿಂದಕ್ಕೆ ಸರಿಸಿದ್ದೂ ಉಂಟು. ಹಳೆಯ ಗ್ರಂಥದ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಸುಣ್ಣಾಂಶ 10 ಮಿಲಿಗ್ರಾಂ, ಅಷ್ಟೇ ರಾಗಿಯಲ್ಲಿ 344. ಇದನ್ನು ಕಂಡ ಮೇಲೆ ರಾತ್ರಿಯೂಟಕ್ಕೆ ಮುದ್ದೆ ಮರಳಿ ಬಂದಿತು. ಊಟವಾದೊಡನೆ ಚಹಾ ಕುಡಿಯುವ ರೂಢಿ ನಿಂತಿತು, ಏಕೆಂದರೆ ಚಹಾ ಕಬ್ಬಿಣಾಂಶವು ದೇಹಕ್ಕೆ ಸೇರುವುದನ್ನು ತಡೆಯುತ್ತದೆ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡುವುದು ಆರಂಭವಾಯಿತು, ಏಕೆಂದರೆ ಹುಳಿಯಲ್ಲಿರುವ ‘ಸಿ’ ಜೀವಸತ್ವವು ಅದಕ್ಕೆ ನೆರವಾಗುತ್ತದೆ. ಶಾಲೆಯ ಮಧ್ಯಾಹ್ನದೂಟದ ಮೊಟ್ಟೆಯನ್ನು ಗೆಳತಿಗೆ ಕೊಟ್ಟುಬಿಡುತ್ತಿದ್ದ ಮಗಳು ತಾನೇ ತಿನ್ನತೊಡಗಿದಳು. ಕಾಮರಾಜರ ಕಾಲದಲ್ಲಿ 1956ರಲ್ಲಿ ಆರಂಭವಾಗಿ, 1982ರಲ್ಲಿ ಎಂ. ಜಿ. ರಾಮಚಂದ್ರನ್ ಅವರಿಂದ ವಿಸ್ತಾರಗೊಂಡ ಆ ಊಟವೂ ನೋಟುಪುಸ್ತಕದಲ್ಲಿ ಒಂದು ಸಾಲಾಯಿತು.

ದೀಪಾವಳಿಯ ರಜೆಗೆ ಬಂದ ಮಗ ತಂತ್ರಾಂಶವನ್ನು ಪರಿಷ್ಕರಿಸಿದ. ಅದೇ ಸಂಸ್ಥೆಯು 2017ರಲ್ಲಿ ದೇಶದ ಆರು ವಲಯಗಳಿಂದ ಮಾದರಿಗಳನ್ನು ತರಿಸಿ, 528 ಆಹಾರಗಳನ್ನು ಹೊಸದಾಗಿ ಪರೀಕ್ಷಿಸಿ ಪಟ್ಟಿ ಪ್ರಕಟಿಸಿತ್ತು. ದಿನದ ಅಗತ್ಯವೆಷ್ಟು ಎಂಬ ಶಿಫಾರಸು ಕೂಡ 2020ರಲ್ಲಿ ಬದಲಾಗಿತ್ತು. ಹಳೆಯ ಅಂಕಿಗಳನ್ನು ಅಳಿಸಿ ಹೊಸವನ್ನು ತುಂಬಿದ ಅವನು, ಕೆಲಸ ಮುಗಿಯಿತೆಂದು ಪಟಾಕಿ ತರಲು ಹೊರಟುಹೋದ.

ಸಂಜೆ ಮಗಳು ತೆರೆ ನೋಡಿ ಬೆಚ್ಚಿದಳು. 100 ಗ್ರಾಂ ರಾಗಿಯ ಶಕ್ತಿ 328 ಇದ್ದದ್ದು 1342 ಆಗಿತ್ತು. ಕನ್ನಡದ ಹೆಸರುಗಳು ಮಾಯವಾಗಿ ಇಂಗ್ಲಿಷಿನವು ಬಂದಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ಐದು ತಿಂಗಳಿನಿಂದ ಸಂಪಾದಿಸಿದ ಹಸಿರು ದಿನಗಳು ಸಾಲುಸಾಲಾಗಿ ಕೆಂಪಾಗಿದ್ದವು.

“ಅಮ್ಮಾ, ಇಷ್ಟು ದಿನ ತಿಂದದ್ದೆಲ್ಲ ಸುಳ್ಳಾ?” ಎಂದು ಆಕೆ ಕೇಳಿದಳು. ಆ ರಾತ್ರಿ ಮುದ್ದೆ ಮುಟ್ಟಲಿಲ್ಲ.

ಅಣ್ಣನಿಗೆ ತನ್ನ ಆತುರ ಅರಿವಾಯಿತು. ಮರುದಿನ ಮೂವರೂ ಕೂತು ಒಂದೊಂದೇ ಗಂಟನ್ನು ಬಿಡಿಸಿದರು. ಮೊದಲನೆಯದು ಸುಲಭ. ಹಳೆಯ ಗ್ರಂಥ ಶಕ್ತಿಯನ್ನು ಕಿಲೋಕ್ಯಾಲೊರಿಯಲ್ಲಿ ಕೊಟ್ಟಿದ್ದರೆ ಹೊಸ ಪಟ್ಟಿ ಕಿಲೋಜೌಲಿನಲ್ಲಿ ಕೊಟ್ಟಿತ್ತು. 1342ನ್ನು 4.184ರಿಂದ ಭಾಗಿಸಿದರೆ ಸುಮಾರು 321. ರಾಗಿ ರಾಗಿಯಾಗಿಯೇ ಇತ್ತು. ಅಳೆಯುವ ಸೇರು ಬೇರೆಯಾಗಿತ್ತು.

ಎರಡನೆಯದಕ್ಕೆ ಮಗಳೇ ಹಾಳೆ ತೆಗೆದುಕೊಂಡಳು. ಒಂದು ದಿನದ ಸುಣ್ಣಾಂಶವನ್ನು ಎರಡು ರೀತಿಯಲ್ಲಿ ಕೂಡಿದಳು. 150 ಗ್ರಾಂ ರಾಗಿಯಿಂದ ಹಳೆಯ ಲೆಕ್ಕಕ್ಕೆ 516 ಮಿಲಿಗ್ರಾಂ, ಹೊಸದಕ್ಕೆ 546. 50 ಗ್ರಾಂ ನುಗ್ಗೆಸೊಪ್ಪಿನಿಂದ ಹಿಂದೆ 220, ಈಗ 157. 100 ಗ್ರಾಂ ಹಸುವಿನ ಹಾಲಿನಿಂದ ಹಿಂದೆ 120, ಈಗ 118. ಒಟ್ಟು ಹಳೆಯದು 856, ಹೊಸದು 821. ತಟ್ಟೆಯಲ್ಲಿ ಕಡಿಮೆಯಾದದ್ದು ಬರಿಯ 35. ಆದರೆ ಆ ವಯಸ್ಸಿನ ಹುಡುಗಿಗೆ ಬೇಕೆಂದು ಹೇಳಿದ ಅಳತೆ 800ರಿಂದ 1000ಕ್ಕೆ ಏರಿತ್ತು. ದಿನ ಕೆಂಪಾದದ್ದು ಬಹುಪಾಲು ಈ ಏರಿಕೆಯಿಂದಲೇ ಹೊರತು ಆಕೆಯ ಊಟದಿಂದಲ್ಲ.

ಕಬ್ಬಿಣಾಂಶದ ಕತೆಯೂ ಹಾಗೆಯೇ. ಸಜ್ಜೆಯಲ್ಲಿ 8 ಮಿಲಿಗ್ರಾಂ ಇದ್ದದ್ದು 6.42ಕ್ಕೆ ಇಳಿದಿತ್ತು, ಅಗತ್ಯ 27ರಿಂದ 30ಕ್ಕೆ ಏರಿತ್ತು. ಅಣ್ಣ ಓದಿ ವಿವರಿಸಿದ: 30 ಎಂಬುದು ಹೆಚ್ಚುಕಡಿಮೆ ಎಲ್ಲ ಹುಡುಗಿಯರ ಅಗತ್ಯವನ್ನೂ ಒಳಗೊಳ್ಳುವಂತೆ ಇಟ್ಟ ಮೇಲ್ಮಟ್ಟ, ಅದೇ ಶಿಫಾರಸಿನಲ್ಲಿ ಸರಾಸರಿ ಅಗತ್ಯ 17 ಎಂದಿದೆ. ಆದುದರಿಂದ 24 ಮುಟ್ಟಿದ ದಿನ ಸೋತ ದಿನವಲ್ಲ. ಅಂದಿನಿಂದ ತಂತ್ರಾಂಶದಲ್ಲಿ ಹಸಿರು, ಕೆಂಪುಗಳ ನಡುವೆ ಅರಿಸಿನ ಬಣ್ಣವೊಂದು ಸೇರಿತು.

ಮೂರನೆಯ ಗಂಟು ಅವನದೇ ತಪ್ಪಿನದು. ಹಳೆಯ ತಂತ್ರಾಂಶವು ದಿನದ ಮೊತ್ತಗಳನ್ನು ಉಳಿಸಿಕೊಂಡಿತ್ತೇ ಹೊರತು ತಿಂದ ಪದಾರ್ಥಗಳನ್ನು ಉಳಿಸಿರಲಿಲ್ಲ. ಮೊತ್ತವನ್ನು ಹೊಸ ಪಟ್ಟಿಯಿಂದ ಮತ್ತೆ ಎಣಿಸಲು ಬರುವುದಿಲ್ಲ. ಐದು ತಿಂಗಳ ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು, ಅಕ್ಕಿಡಬ್ಬಿಯ ಮೇಲೆ ಆ ನೋಟುಪುಸ್ತಕ ಇಲ್ಲದಿದ್ದರೆ.

ಎರಡು ಸಂಜೆ ತಾಯಿ ಓದಿದಳು, ಮಗಳು ಅಕ್ಷರ ಒತ್ತಿದಳು. ಅಣ್ಣ ಹೊಸ ಪಟ್ಟಿಯ ಪ್ರತಿಯೊಂದು ಹೆಸರಿಗೂ ಮನೆಯ ಹೆಸರನ್ನು ಜೋಡಿಸಿದ. ಬೀದಿಯಲ್ಲಿ ‘ಕಂಬು’ ಎನ್ನುವುದು ಮನೆಯೊಳಗೆ ಸಜ್ಜೆ. ಅಂಗಡಿಯಲ್ಲಿ ‘ಸಾಮೈ’ ಎಂದು ಕೊಂಡದ್ದು ಅಡುಗೆಮನೆಗೆ ಬಂದರೆ ಸಾಮೆ. ಹಲವು ದಿನ ತಾಯಿ ಬರಿದೆ ‘ಸೊಪ್ಪು’ ಎಂದು ಬರೆದಿದ್ದಳು. ಅದು ಹರಿವೆಯೋ ನುಗ್ಗೆಯೋ ಎಂದು ನೆನಪಾಗದ ದಿನಗಳಲ್ಲಿ ಊಹಿಸಿ ತುಂಬದೆ ಖಾಲಿಯಾಗಿಯೇ ಬಿಟ್ಟರು.

ಹೀಗೆ ಓದುತ್ತ ಹೋದಾಗ ತಾಯಿಯ ದನಿ ಒಂದು ಕಡೆ ತಡೆಯಿತು. ಆಗಸ್ಟಿನಲ್ಲಿ ಹನ್ನೊಂದು ದಿನ ‘ಬೆಳಿಗ್ಗೆ’ ಎಂಬುದರ ಎದುರು ‘ಚಹಾ’ ಎಂದಷ್ಟೇ ಇತ್ತು. ಹಬ್ಬದ ಸೀರೆಗಳ ಕೆಲಸ ಬಿರುಸಾಗಿದ್ದ ದಿನಗಳವು. ಬೆಳಗಿನ ಜಾವವೇ ಎದ್ದು ಮಗಳು ಕಂಡಿಕೆ ಸುತ್ತಿ, ಹೊತ್ತಾಯಿತೆಂದು ಶಾಲೆಗೆ ಓಡಿದ್ದಳು. ರಾತ್ರಿಯ ಮುದ್ದೆ, ಮಧ್ಯಾಹ್ನದ ಮೊಟ್ಟೆಗಳು ದಿನದ ಮೊತ್ತವನ್ನು ಹೇಗೋ ಹಸಿರಿನತ್ತ ತಂದಿದ್ದುದರಿಂದ ತೆರೆ ಇದನ್ನು ಹೇಳಿರಲಿಲ್ಲ. ಬರೆದವಳು ತಾನೇ ಆದರೂ ತಾಯಿ ಅದನ್ನು ಅಂದು ಕಂಡಿರಲಿಲ್ಲ. ಮಗ್ಗದ ಮುಂದೆ ಕೂತಿದ್ದ ತಂದೆ ಕೈ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡ. “ಇನ್ನು ಬೆಳಗಿನ ಕಂಡಿಕೆ ನಾನೇ ಸುತ್ತಿಕೊಳ್ಳುತ್ತೇನೆ” ಎಂದಷ್ಟೇ ಹೇಳಿದ.

ಪೊಂಗಲ್ ಕಳೆದ ಮೇಲೆ ರಕ್ತಪರೀಕ್ಷೆ ಮತ್ತೊಮ್ಮೆ ನಡೆಯಿತು. ಹಿಮೋಗ್ಲೋಬಿನ್ 11.1. ಅದು ಮಾತ್ರೆಯಿಂದಲೋ ಊಟದಿಂದಲೋ ಎಂದು ಮಗಳು ಕೇಳಿದಾಗ, ಎರಡರಿಂದಲೂ ಎಂದು ವೈದ್ಯೆ ನಕ್ಕರು. 12 ಆದ ಮೇಲೂ ಕೆಲವು ತಿಂಗಳು ಮಾತ್ರೆ ಬಿಡಬಾರದು, ಆಗಲೇ ದೇಹದಲ್ಲಿ ಕಬ್ಬಿಣದ ದಾಸ್ತಾನು ತುಂಬುವುದು ಎಂದರು. ನೋಟುಪುಸ್ತಕದ ಪುಟಗಳನ್ನು ತಿರುವಿ ನೋಡಿದ ಅವರು ತಲೆಯೆತ್ತಿ ತಾಯಿಯನ್ನು ಕೇಳಿದರು: “ಇದರಲ್ಲಿ ನಿಮ್ಮದು ಎಲ್ಲಿ?”

ತಾಯಿಗೆ ಉತ್ತರ ಹೊಳೆಯಲಿಲ್ಲ. ಎಲ್ಲರದೂ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಯಾರು ತೂಗುತ್ತಾರೆ? ಅಂದೇ ಆಕೆಯ ರಕ್ತವನ್ನೂ ಪರೀಕ್ಷಿಸಲಾಯಿತು. ಅದು 9.8.

ಮನೆಗೆ ಬಂದ ಮಗಳು ಅಳತೆಪಟ್ಟಿ ಹಿಡಿದು ನೋಟುಪುಸ್ತಕದ ಪ್ರತಿ ಹಾಳೆಯ ನಡುವೆ ಒಂದು ಗೆರೆ ಎಳೆದಳು. ಎಡಕ್ಕೆ ತನ್ನ ಹೆಸರು, ಬಲಕ್ಕೆ ‘ಅಮ್ಮ’. ಅಣ್ಣನಿಗೆ ಫೋನು ಮಾಡಿ, ತಂತ್ರಾಂಶದಲ್ಲಿ ಎರಡನೆಯವರಿಗೂ ಜಾಗ ಬೇಕು, ಆ ವಯಸ್ಸಿನ ಅಳತೆಯನ್ನು ಹುಡುಕಿ ಹಾಕು ಎಂದಳು. “ಮೊದಲು ಹಳೆಯದರ ಪ್ರತಿ ತೆಗೆದಿಟ್ಟುಕೋ ಅಣ್ಣಾ” ಎಂದು ಸೇರಿಸುವುದನ್ನು ಮರೆಯಲಿಲ್ಲ. ಆ ರಾತ್ರಿ ಬಲಗಡೆಯ ಮೊದಲ ಸಾಲನ್ನು ಅವಳೇ ಬರೆದಳು: ರಾಗಿಮುದ್ದೆ ಒಂದು, ಹರಿವೆ ಸೊಪ್ಪಿನ ಸಾರು, ನಿಂಬೆ ಅರ್ಧ ಹೋಳು. ಅದನ್ನು ಬರೆಯಬೇಕಾದರೆ ಅಮ್ಮ ತನ್ನ ಜೊತೆಗೇ ಕೂತು ಉಣ್ಣಬೇಕೆಂದು ಆಕೆ ಹಟ ಹಿಡಿದಿದ್ದಳು.