ಎಣ್ಣೆ ಇಲ್ಲದ ಒಂದು ಲೀಟರ್ ಪೆಟ್ರೋಲ್

ಹಲಗೇರಿಯ ನಮ್ಮ ಮನೆಯ ಹಿತ್ತಲಿಗೆ ಬೇಡವಾದದ್ದೆಲ್ಲ ಬಂದು ಸೇರ್ತದೆ. ಮುರಿದ ಕುಂಟಿ, ಕೆಟ್ಟ ಸ್ಪ್ರೇ ಪಂಪು, ತೂತು ಬಿದ್ದ ಕೊಡ, ಅಕ್ಕನ ಸೈಕಲ್ಲು. ಇವುಗಳ ಜೊತೆ ಅಪ್ಪನ ಯೆಜ್ಡಿಯೂ ಇತ್ತು. 2005ರಿಂದ 2023ರವರೆಗೆ, ಹದಿನೆಂಟು ವರ್ಷ, ಯೂರಿಯಾ ಚೀಲ ಹೊದ್ದುಕೊಂಡು ಗೋಡೆಗೆ ಒರಗಿ ನಿಂತಿತ್ತು. ಅದರ ಹರಿದ ಸೀಟಿನೊಳಗೆ ಕೋಳಿ ಇಟ್ಟ ಮೊಟ್ಟೆಯನ್ನ ನಾನೇ ತೆಗೆದು ಅವ್ವನಿಗೆ ಕೊಟ್ಟಿದ್ದೇನೆ.

ಅದು ಯಾಕೆ ಕೆಟ್ಟು ನಿಂತಿತು ಅನ್ನೋದಕ್ಕೆ ಮನೆಯವರಿಗೆಲ್ಲ ಒಂದು ಕಾರಣ ಗೊತ್ತಿತ್ತು. ನನಗೆ ಬೇರೆ ಒಂದು ಗೊತ್ತಿತ್ತು. ಈ ಬರಹ ಆ ಎರಡನೇ ಕಾರಣದ್ದು. ನಡುವೆ ಒಂದಿಷ್ಟು ನಟ್ಟು ಬೋಲ್ಟು ಬರ್ತವೆ, ಸಹಿಸ್ಕೊಳ್ಳಿ.

ಯೆಜ್ಡಿ ಗೊತ್ತಿಲ್ಲದವರಿಗೆ ಎರಡು ಮಾತು. 1929ರಲ್ಲಿ ಯಾನೆಚೆಕ್ ಅನ್ನೋ ಜೆಕ್ ಮನುಷ್ಯ ಜರ್ಮನಿಯ ವಾಂಡರರ್ ಕಂಪನಿಯಿಂದ ಬೈಕಿನ ವ್ಯವಹಾರ ಕೊಂಡುಕೊಂಡ. ಇಬ್ಬರ ಹೆಸರಿನ ಮೊದಲ ತುಂಡು ಸೇರಿಸಿದರೆ ಜಾವಾ. ಅದೇ ಜಾವಾ 1961ರಿಂದ ನಮ್ಮ ಮೈಸೂರಿನಲ್ಲಿ, ಇರಾನಿ ಮನೆತನದವರ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಎಪ್ಪತ್ತರ ದಶಕದಲ್ಲಿ ಅದರ ಹೆಸರು ಯೆಜ್ಡಿ ಅಂತಾಯ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಲಿವರ್: ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಬಗ್ಗಿಸಿದರೆ ಗೇರು. ಇನ್ನು ಕೀಲಿ. ಕೀಲಿ ಅಂದ್ರೆ ಹೆಡ್‌ಲೈಟಿನ ಮೇಲಿನ ತೂತಿಗೆ ಚುಚ್ಚೋ ಒಂದು ಕಡ್ಡಿ, ಅಷ್ಟೇ. ಸರಿಯಾದ ಮೊಳೆ ಸಿಕ್ಕರೆ ಯಾರ ಯೆಜ್ಡಿಯನ್ನಾದರೂ ಚಾಲೂ ಮಾಡಬಹುದಿತ್ತು.

ನನ್ನ ಹತ್ರ ಸರಿಯಾದ ಮೊಳೆ ಇತ್ತು.

ನಮ್ಮದು 1984ರ ಮಾಡೆಲ್ಲು. ಒಂದು ವರ್ಷ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಗೆ ಒಳ್ಳೆ ರೇಟು ಸಿಕ್ಕಾಗ ಅಪ್ಪ ಅದನ್ನ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ಟ್ಯಾಂಕಿನ ಮೇಲೆ ನಾನು, ಹಿಂದೆ ಅವ್ವ, ಅವ್ವನ ತೊಡೆ ಮೇಲೆ ಅಕ್ಕ. ಹಬ್ಬದ ಸಂತೆ, ಆಸ್ಪತ್ರೆ, ಬೀಗರ ಊರು, ಎಲ್ಲ ಅದರ ಮೇಲೆಯೇ. ಊರಿನ ವೆಲ್ಡರ್ ಕೈಲಿ ಹಿಂದೆ ಒಂದು ದಪ್ಪ ಕ್ಯಾರಿಯರ್ ಹಾಕಿಸಿದ್ದರು, ಕಾಯಿ ಚೀಲ ಇಡೋಕೆ.

ಈಗ ಎಣ್ಣೆ ವಿಷಯ. ಯೆಜ್ಡಿ ಟೂ ಸ್ಟ್ರೋಕ್ ಇಂಜಿನ್ನು. ಈಗಿನ ಬೈಕುಗಳ ಹಾಗೆ ಪಿಸ್ಟನ್ನಿಗೆ, ಕ್ರ್ಯಾಂಕಿಗೆ ಬೇರೆ ಎಣ್ಣೆ ತೊಟ್ಟಿ ಇರಲ್ಲ. ಪೆಟ್ರೋಲ್ ಜೊತೆ ಬೆರೆಸಿದ ಎಣ್ಣೆಯೇ ಒಳಗೆ ಹೋಗಿ ಎಲ್ಲವನ್ನೂ ಜಾರಿಸಬೇಕು. ಲೀಟರಿಗೆ ಸುಮಾರು 40 ಮಿಲಿ. ಅದಿಲ್ಲದಿದ್ದರೆ ಲೋಹದ ಮೇಲೆ ಲೋಹ ಉಜ್ಜಿ, ಪಿಸ್ಟನ್ ಬಿಸಿಯಾಗಿ ಊದಿ, ಸಿಲಿಂಡರಿಗೆ ಕಚ್ಚಿಕೊಂಡು ಬಿಡ್ತದೆ. ಮೆಕ್ಯಾನಿಕ್ ಭಾಷೆಯಲ್ಲಿ ಇಂಜಿನ್ ಸೀಜ್.

2005. ನಾನು ಪಿಯುಸಿ. ರಾಣೆಬೆನ್ನೂರಿಗೆ ‘ಜೋಗಿ’ ಬಂದಿತ್ತು. ಅಪ್ಪ ಪಕ್ಕದೂರಿನ ಮದುವೆಗೆ ಹೋಗಿದ್ದರು. ನಾನು ಗಾಡಿ ಮುಟ್ಟಬಾರದು ಅಂತಲೇ ಟ್ಯಾಂಕು ಬರಿದು ಮಾಡಿ ಇಟ್ಟಿರ್ತಿದ್ದರು. ನಾನೂ ಗೆಳೆಯನೂ ಬಾಟಲಿಯಲ್ಲಿ ಒಂದು ಲೀಟರ್ ಪೆಟ್ರೋಲ್ ತಂದು ಹಾಕಿದೆವು. ಎಣ್ಣೆಗೆ ದುಡ್ಡು ಹಾಕಿದರೆ ಟಿಕೆಟ್ಟಿಗೆ ಕಮ್ಮಿ ಬೀಳ್ತಿತ್ತು. ‘ಒಂದ ದಿನಕ್ಕ ಏನಾಕ್ಕೈತಿ ಬಿಡಲೇ’ ಅಂದವನು ನಾನೇ.

ಹೋಗೋವಾಗ ಏನೂ ಆಗಲಿಲ್ಲ. ವಾಪಸ್ ಬರೋವಾಗ ಇಂಜಿನ್ ದನಿ ಬಿಗಿಯಾಗಿ, ಗಾಡಿ ಯಾರೋ ಹಿಂದಿನಿಂದ ಜಗ್ಗಿದ ಹಾಗೆ ನಿಂತಿತು. ಕಿಕ್ ಹೊಡೆದರೆ ಲಿವರ್ ಕದಲಲಿಲ್ಲ. ಅರ್ಧ ತಾಸು ರಸ್ತೆ ಬದಿಯ ಬೇವಿನ ಮರದ ಕೆಳಗೆ ಕೂತೆವು. ತಣ್ಣಗಾದ ಮೇಲೆ ಬಿಟ್ಟುಕೊಂಡಿತು. ನಿಧಾನ ತಂದು, ಇದ್ದ ಜಾಗದಲ್ಲೇ ನಿಲ್ಲಿಸಿ, ಮೊಳೆ ಕಿಸೆಗೆ ಹಾಕ್ಕೊಂಡು ಮಲಗಿದೆ.

ಮರುದಿನ ಬೆಳಿಗ್ಗೆ ಅಪ್ಪ ಹೊಲಕ್ಕೆ ಹೊರಟರು. ಟ್ಯಾಂಕಿನಲ್ಲಿ ನನ್ನ ಒಣ ಪೆಟ್ರೋಲ್ ಉಳಿದಿತ್ತು. ಊರ ಹೊರಗಿನ ತಿರುವಿನಲ್ಲಿ ಇಂಜಿನ್ ಪೂರಾ ಸೀಜಾಗಿ ಹಿಂದಿನ ಚಕ್ರ ಕಚ್ಚಿಕೊಂಡು, ಅಪ್ಪ ಎಡಕ್ಕೆ ಬಿದ್ದರು. ಮೊಣಕಾಲಿಗೆ ಪೆಟ್ಟು. ಇವತ್ತಿಗೂ ಮೆಟ್ಟಿಲು ಇಳಿಯೋವಾಗ ಅಡ್ಡಡ್ಡ ಇಳೀತಾರೆ.

ಅದೇ ವಾರ ರಾಣೆಬೆನ್ನೂರಿನ ಮಿಸ್ತ್ರಿ ಕಾಕಾ ಆ ಗಾಡಿಗೆ ಹೊಸ ಪಿಸ್ಟನ್, ರಿಂಗು ಕೂಡಿಸಿ ಕೊಟ್ಟಿದ್ದರು. ಅಪ್ಪನಿಗೂ ಅವರಿಗೂ ಗಾಡಿ ತಗೊಂಡಾಗಿನಿಂದ ಸ್ನೇಹ. ಕಾಲಿಗೆ ಪಟ್ಟಿ ಕಟ್ಟಿಕೊಂಡೇ ಅಪ್ಪ ಅವರ ಅಂಗಡಿಗೆ ಹೋಗಿ, ನಾಲ್ಕು ಜನರ ಮುಂದೆ ಬಾಯಿಗೆ ಬಂದ ಹಾಗೆ ಬೈದು ಬಂದರು. ನಾನು ಅವತ್ತು ಅಪ್ಪನಿಗೆ ಆಸರೆಯಾಗಿ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಆಮೇಲೆ ಅಪ್ಪ ಆ ಗಾಡಿ ರಿಪೇರಿ ಮಾಡಿಸಲಿಲ್ಲ, ಆ ಅಂಗಡಿ ಇರೋ ರಸ್ತೆಯಲ್ಲೂ ನಡೀಲಿಲ್ಲ.

ಬಿಇ ಮುಗೀತು, ಬೆಂಗಳೂರು, ಕೆಲಸ, ಇಎಂಐ. 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳು ಬಂದಾಗ ನಮ್ಮ ಟೀಮಿನವನೊಬ್ಬ ತಗೊಂಡ. ಎಲ್ಲರೂ ಅದರ ಮೇಲೆ ಕೂತು ಫೋಟೋ ತೆಗೆಸ್ಕೊಂಡರು. ‘ನಮ್ಮನೇಲಿ ಒರಿಜಿನಲ್ಲೇ ಇದೆ’ ಅಂದೆ. ‘ಕೆಫೆ ರೇಸರ್ ಮಾಡ್ಸೋ!’ ಅಂದರು. ರಾತ್ರಿಯೆಲ್ಲ ವೀಡಿಯೊ ನೋಡಿದೆ. ಹಿಂದಿನ ಫ್ರೇಮ್ ಕತ್ತರಿಸಿ, ಒಂಟಿ ಸೀಟು ಹಾಕಿ, ಹ್ಯಾಂಡಲ್ ಕೆಳಗಿಳಿಸಿ, ಮ್ಯಾಟ್ ಬ್ಲ್ಯಾಕ್. ಲ್ಯಾಪ್‌ಟಾಪಿನಲ್ಲಿ ಡಿಸೈನ್ ಕೂಡ ಮಾಡಿಕೊಂಡೆ. ಆ ಡಿಸೈನಿನಲ್ಲಿ ಅಪ್ಪನ ಗಾಡಿಯ ಗುರುತು ಒಂದೂ ಉಳಿದಿರಲಿಲ್ಲ. ಆಗ ಅದು ನನಗೆ ಹೊಳೀಲಿಲ್ಲ, ಅಥವಾ ಅದೇ ಬೇಕಿತ್ತೋ ಏನೋ.

2023ರ ಯುಗಾದಿಗೆ ಊರಿಗೆ ಹೋದಾಗ ಗಾಡಿ ಹೊರಗೆ ತೆಗೆದೆ. ರಾಣೆಬೆನ್ನೂರಿನ ಇಬ್ಬರು ಮೆಕ್ಯಾನಿಕ್‌ಗಳು ಕೈ ಎತ್ತಿದರು. ‘ಈ ಕ್ಲಚ್ಚು ಗೊತ್ತಿದ್ದಾಂವ ಇಲ್ಲೆ ಒಬ್ಬನ ಅದಾನ್ರಿ’ ಅಂದರು. ಆ ಒಬ್ಬರು ಯಾರು ಅಂತ ಹೇಳಬೇಕಿಲ್ಲ. ಅಪ್ಪನಿಗೆ ‘ಹರಿಹರದಾಗ ಕೊಡ್ತೀನಿ’ ಅಂತ ಸುಳ್ಳು ಹೇಳಿ, ಟಾಟಾ ಏಸಿನಲ್ಲಿ ಹಾಕಿ ಮಿಸ್ತ್ರಿ ಕಾಕಾನ ಅಂಗಡಿ ಮುಂದೆ ಇಳಿಸಿದೆ.

ನನ್ನ ಗುರುತು ಹತ್ತಲಿಲ್ಲ ಅವರಿಗೆ. ಗಾಡಿಯ ಗುರುತು ಹತ್ತಿತು. ಕ್ಯಾರಿಯರ್ ಮೇಲೆ ಕೈ ಇಟ್ಟು ಸುಮ್ಮನೆ ನಿಂತರು. ಆಮೇಲೆ, ‘ಅಪ್ಪಾರು ಹೆಂಗದಾರ ತಮ್ಮಾ?’ ಅಂದರು.

ಸಿಲಿಂಡರ್ ಬಿಡಿಸೋಕೆ ಎರಡು ದಿನ ಡೀಸೆಲ್ ಹಾಕಿ ನೆನೆಸಬೇಕಾಯ್ತು. ಮರದ ತುಂಡು ಇಟ್ಟು ಬಡಿದು ಬಡಿದು ಕೊನೆಗೆ ಪಿಸ್ಟನ್ ಹೊರಗೆ ಬಂತು. ಕಾಕಾ ಅದನ್ನ ಸೀಮೆಎಣ್ಣೆಯಲ್ಲಿ ತೊಳೆದು, ಕನ್ನಡಕ ಹಾಕ್ಕೊಂಡು, ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

‘ನೋಡು ತಮ್ಮಾ. ಪಿಸ್ಟನ್ ಟೈಟ್ ಕೂಡ್ಸಿದ್ರ ನಾಕ್ ಮೂಲ್ಯಾಗ ಹಿಡೀತೈತಿ, ನಾಕ ಗೆರಿ ಬೀಳ್ತಾವ. ಇದು ಹಂಗಿಲ್ಲ. ಸುತ್ತ ಕೆತ್ತೇತಿ. ಕ್ರ್ಯಾಂಕಿನ ಬೇರಿಂಗೂ ಒಣಗಿ ನೀಲಿ ಆಗೇತಿ. ಯಾರೋ ಎಣ್ಣಿ ಹಾಕಲಾರದ ಓಡ್ಸ್ಯಾರ. ನಿಮ್ಮಪ್ಪಾರು ಅಂಥಾ ಮನಿಶ್ಯಾ ಅಲ್ಲ.’

ಇಷ್ಟು ಹೇಳಿ ನನ್ನ ಮುಖ ನೋಡಿದರು. ನಾನು ಮೊಬೈಲ್ ನೋಡಿದೆ. ಅವರು ಮತ್ತೇನೂ ಕೇಳಲಿಲ್ಲ. ಪಿಸ್ಟನ್ನನ್ನ ಹಳೇ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ‘ಇಟ್ಕೋ.’ ಅದು ನಾಲ್ಕು ತಿಂಗಳು ಬೆಂಗಳೂರಿನ ನನ್ನ ಮೇಜಿನ ಮೇಲೆ, ಮಾನಿಟರಿನ ಕೆಳಗೆ ಇತ್ತು. ದಿನಾ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಕಣ್ಣಿಗೆ ಬೀಳ್ತಿತ್ತು.

ನನ್ನ ಕೆಫೆ ರೇಸರ್ ಡಿಸೈನ್ ತೋರಿಸಿದಾಗ ಕಾಕಾ ನಕ್ಕರು. ‘ಕೊಯ್ದದ್ದು ಮತ್ತ ಕೂಡಂಗಿಲ್ಲ. ಬಿಚ್ಚಿದ್ದು ಕೂಡ್ತೈತಿ.’ ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ರೋಲ್‌ಬ್ಯಾಕ್ ಮಾಡೋಕೆ ಆಗದ ಬದಲಾವಣೆ ಮಾಡಬೇಡ. ಕಾನೂನೂ ಹೆಚ್ಚು ಕಮ್ಮಿ ಅದನ್ನೇ ಹೇಳ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ಮೂಲ ರೂಪವನ್ನ ಬೇಕಾದ ಹಾಗೆ ಬದಲಿಸೋಕೆ ಬರಲ್ಲ. ಇನ್ನೊಂದು ತಮಾಷೆ: 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳೋಕೆ 50 ವರ್ಷ ದಾಟಿರಬೇಕು. ಹಾಗಾಗಿ ನಮ್ಮದು ವಿಂಟೇಜ್ ಅಲ್ಲ, ಬರೀ ಹಳೇ ಗಾಡಿ. ಆರ್‌ಸಿ ನವೀಕರಣ, ಫಿಟ್‌ನೆಸ್ ತಪಾಸಣೆ, ಇನ್ಶೂರೆನ್ಸ್, ಎಲ್ಲ ಮಾಮೂಲಿ ದಾರಿಯಲ್ಲೇ ಆಗಬೇಕು.

ಫ್ರೇಮಿಗೆ ಗರಗಸ ಮುಟ್ಟಿಸಬಾರದು ಅಂತ ತೀರ್ಮಾನ ಆಯ್ತು. ಸಿಲಿಂಡರ್ ಬೋರ್ ಮಾಡಿಸೋಕೆ ಹರಿಹರಕ್ಕೆ ಹೋದೆವು, ಹೀಗೆ ನನ್ನ ಸುಳ್ಳಿನಲ್ಲಿ ಕಾಲು ಭಾಗ ನಿಜವಾಯ್ತು. ಹರಿಹರ ಅಂದ್ರೆ ಲೇತಿನ ಊರು. ದೇಶಕ್ಕೆಲ್ಲ ಲೇತ್ ಮಷೀನು ಕಳಿಸಿದ ಮೈಸೂರು ಕಿರ್ಲೋಸ್ಕರ್ ಇದ್ದದ್ದು ಅಲ್ಲೇ. ಕಾರ್ಖಾನೆ ಮುಚ್ಚಿದರೂ ಅಲ್ಲಿ ಕೈ ಪಳಗಿಸಿಕೊಂಡವರು ಊರಲ್ಲಿದ್ದಾರೆ. ಅಂಥವರೊಬ್ಬರು ಮೈಕ್ರೋಮೀಟರ್ ಹಿಡಿದು, ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಹೊಸ ಪಿಸ್ಟನ್ನಿಗೆ ಸಿಲಿಂಡರ್ ಹೊಂದಿಸಿ ಕೊಟ್ಟರು. ಉಳಿದ ಸಾಮಾನಿಗೆ ನಾನು ಶನಿವಾರಗಳಲ್ಲಿ ಬೆಂಗಳೂರಿನ ಜೆ.ಸಿ. ರೋಡು ಅಲೆದೆ, ಒಮ್ಮೆ ಮೈಸೂರಿಗೂ ಹೋದೆ.

ನಾನು ಬದಲಿಸಿದ್ದು ಇಷ್ಟು. 6 ವೋಲ್ಟಿನ ಡೈನಮೊ ತೆಗೆದು 12 ವೋಲ್ಟಿನ ಕಿಟ್ ಹಾಕಿಸಿದೆ, ಹಳೇ ಹೆಡ್‌ಲೈಟ್ ಬೆಳಕಿನಲ್ಲಿ ಎದುರಿನ ಎಮ್ಮೆ ಕಾಣೋದು ಕಷ್ಟ. ಹ್ಯಾಂಡಲ್ ಸ್ವಲ್ಪ ತಗ್ಗಿನದು. ಸೀಟಿಗೆ ಕಂದು ರೆಕ್ಸಿನ್. ಟ್ಯಾಂಕಿನ ಪಕ್ಕಗಳಿಗೆ ಮತ್ತೆ ಕ್ರೋಮ್, ಅಂದ್ರೆ ಮೊದಲು ತಾಮ್ರ, ಮೇಲೆ ನಿಕ್ಕಲ್, ಅದರ ಮೇಲೆ ಕ್ರೋಮ್. ಈ ಕೆಲಸದಲ್ಲಿ ಆತುರ ಮಾಡಿದರೆ ಎರಡು ಮಳೆಗಾಲಕ್ಕೆ ಸಿಪ್ಪೆ ಏಳ್ತದೆ. ಬಣ್ಣ ಆರ್‌ಸಿಯಲ್ಲಿ ಇದ್ದದ್ದೇ, ಮರೂನ್. ಬಂಗಾರದ ಗೆರೆಗೆ ಸ್ಟಿಕ್ಕರ್ ಬೇಡ ಅಂತ ಲಾರಿ ಪೇಂಟರ್ ಒಬ್ಬರನ್ನ ಕರೆಸಿದೆ. ಉಸಿರು ಬಿಗಿಹಿಡಿದು ಒಂದೇ ಎಳೆತದಲ್ಲಿ ಎಳೆದುಬಿಟ್ಟರು. ಬಿಚ್ಚಿದ ಸಾಮಾನೆಲ್ಲ ಒಂದು ಟ್ರಂಕಿನಲ್ಲಿದೆ. ಕ್ಯಾರಿಯರ್ ನೋಡೋಕೆ ಚೆನ್ನಾಗಿಲ್ಲ, ಆದರೂ ಇದೆ.

ಎಡಗಡೆ ಟೂಲ್ ಬಾಕ್ಸಿನ ಮುಚ್ಚಳ ನಜ್ಜಾಗಿತ್ತು, ಅಪ್ಪ ಬಿದ್ದಾಗ ಆದದ್ದು. ‘ಪುಟ್ಟಿ ತುಂಬಿ ಸಾಪ್ ಮಾಡ್ಲೇನ್ರಿ?’ ಅಂತ ಪೇಂಟರ್ ಕೇಳಿದಾಗ ತಕ್ಷಣ ಹೂಂ ಅಂದೆ. ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ನಾಲ್ಕು ತಿಂಗಳು ದುಡ್ಡು ಸುರಿದದ್ದು ಗಾಡಿ ಮೇಲಿನ ಪ್ರೀತಿಗೋ, ಗುರುತು ಅಳಿಸೋಕೋ? ಬೆಳಿಗ್ಗೆ ಫೋನ್ ಮಾಡಿ, ಅದನ್ನ ಹಾಗೇ ಬಿಡಿ, ಮೇಲೆ ಬಣ್ಣ ಅಷ್ಟೇ ಹೊಡೀರಿ ಅಂದೆ.

ಗಾಡಿ ಮನೆಗೆ ಬಂದ ದಿನ ಓಣಿಯೆಲ್ಲ ಸೇರಿತ್ತು. ಎರಡನೇ ಕಿಕ್ಕಿಗೆ ಚಾಲೂ ಆಯ್ತು. ನೀಲಿ ಹೊಗೆ, ಆ ಡಬ್ ಡಬ್ ಸದ್ದು. ಅಪ್ಪ ಕಟ್ಟೆ ಮೇಲೆ ಕೂತೇ ನೋಡಿದರು. ರಾತ್ರಿ ಊಟ ಆದ ಮೇಲೆ ಪೇಪರ್ ಬಿಚ್ಚಿ ಪಿಸ್ಟನ್ನನ್ನ ಅವರ ಮುಂದೆ ಇಟ್ಟು ಎಲ್ಲ ಹೇಳಿದೆ. ಮೊಳೆ, ಜೋಗಿ, ಬೇವಿನ ಮರ, ಅಂಗಡಿ ಮುಂದೆ ಬಾಯಿ ಬಿಡದೇ ನಿಂತದ್ದು, ಹರಿಹರದ ಸುಳ್ಳು.

ಅಪ್ಪ ಪಿಸ್ಟನ್ ಕೈಗೆ ತಗೊಂಡು ಬಹಳ ಹೊತ್ತು ನೋಡಿದರು. ‘ನಾಕ್ ಮಂದ್ಯಾಗ ಬೈದಿದ್ದೆ ಅವಂಗ’ ಅಂದರು. ಅಷ್ಟೇ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ‘ಮೂವತ್ತೈದ ವರ್ಸದ ಕ್ವಾಣ ಆಗಿ ಈಗ ಹೇಳ್ತಿ’ ಅಂತ ಅವ್ವ ಬೈದಳು.

ಮೂರನೇ ದಿನ ಬೆಳಿಗ್ಗೆ ಗಡ್ಡ ಮಾಡಿಕೊಂಡು, ಬಿಳಿ ಅಂಗಿ ಹಾಕ್ಕೊಂಡು ಹೊರಗೆ ಬಂದರು. ‘ಗಾಡಿ ತಗಿ.’

ಹಿಂದೆ ಕೂತ ಅಪ್ಪ ದಾರಿಯುದ್ದಕ್ಕೂ ಸುಮ್ಮನಿದ್ದರು. ಅಂಗಡಿ ಮುಂದೆ ಕಷ್ಟಪಟ್ಟು ಇಳಿದು, ಕಿಸೆಯಿಂದ ಪಿಸ್ಟನ್ ತೆಗೆದು ಕಾಕಾನ ಮುಂದಿನ ಪಾನಾ ಡಬ್ಬಿ ಪಕ್ಕ ಇಟ್ಟರು.

‘ನಿನ್ನ ಕೆಲಸ ಸರಿ ಇತ್ತು, ಮಿಸ್ತ್ರಿ.’

ಕಾಕಾ ಕೈ ಒರೆಸ್ಕೊಳ್ತಾ ಎದ್ದು ನಿಂತರು. ‘ನನಗೂ ಬಿಚ್ಚಿದ ದಿನಾನ ಗೊತ್ತಾತ್ರಿ ಅಣ್ಣಾರ. ಅಲ್ಲೀ ಮಟಾ ನನಗ ಸಂಶೇನ ಇತ್ತು. ಟೈಟ್ ಕೂಡ್ಸಿದ್ನೇನೋ, ನನ್ನಿಂದನ ಇವರ ಕಾಲ ಹೋತೇನೋ ಅಂತ. ಆಮ್ಯಾಲ ಯಾರ ಇಂಜಿನ್ ಕಟ್ಟಿದ್ರೂ ಎರಡೆರಡ ಸಲ ಬಿಚ್ಚಿ ನೋಡತಿದ್ದೆ.’

ನಾನು ಅಪ್ಪನ ಕಾಲಿನ ಲೆಕ್ಕ ಇಟ್ಟುಕೊಂಡಿದ್ದೆ, ಅವರಿಬ್ಬರ ಸ್ನೇಹದ ಲೆಕ್ಕ ಇಟ್ಟುಕೊಂಡಿದ್ದೆ. ಒಬ್ಬ ಮನುಷ್ಯ ಹದಿನೆಂಟು ವರ್ಷ ತನ್ನ ಕೈಯನ್ನೇ ನಂಬದೆ ಕೆಲಸ ಮಾಡಿದ ಅನ್ನೋದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ‘ತಪ್ಪಾತ್ರಿ ಕಾಕಾ’ ಅಂದೆ. ಅವರು ತಲೆ ಆಡಿಸಿ, ಹುಡುಗನನ್ನ ಮೂರು ಚಾಕ್ಕೆ ಕಳಿಸಿದರು.

ಈಗ ಯೆಜ್ಡಿ ಊರಲ್ಲೇ ಇದೆ. ನಾನು ಹೋದಾಗಲೆಲ್ಲ ಅಪ್ಪ ಹಿಂದೆ ಕೂತು ಕಾಕಾನ ಅಂಗಡಿವರೆಗೆ ಬರ್ತಾರೆ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ ತಕ್ಷಣ ಇಳಿದು ಎಣ್ಣೆ ಬಾಟಲಿ ತಾವೇ ಇಸ್ಕೊಳ್ತಾರೆ. ಅಳತೆ ಮಾಡಿ, ಟ್ಯಾಂಕಿಗೆ ಸುರಿದು, ಮುಚ್ಚಳ ಹಾಕಿ, ಬಂಕಿನವರಿಗೆಲ್ಲ ಕೇಳೋ ಹಾಗೆ ಹೇಳ್ತಾರೆ: ‘ಇಂವಗ ಬಿಟ್ರ ಮತ್ತ ಸೀಜ್ ಮಾಡ್ತಾನ.’