ಹೆತ್ತದ್ದು ಡೆಟ್ರಾಯಿಟ್, ಬೆಳೆಸಿದ್ದು ಹೇಯ್ಸ್!

ಲಂಡನ್ನಿಗೆ ಹೋದವರು ಅರಮನೆ ನೋಡುತ್ತಾರೆ, ಗಡಿಯಾರದ ಗೋಪುರ ನೋಡುತ್ತಾರೆ. ನಾನು ಪ್ಯಾಡಿಂಗ್ಟನ್ನಿನಲ್ಲಿ ರೈಲು ಹತ್ತಿ ಹೇಯ್ಸ್‌ಗೆ ಹೋದೆ. ಅಲ್ಲೇನಿದೆ ಅಂತೀರಾ? ನಮ್ಮ ಮದುವೆಮನೆ, ಟೆಂಟ್ ಸಿನಿಮಾಗಳಲ್ಲಿ ಸುತ್ತುತ್ತಿದ್ದ ನಾಯಿ ಮಾರ್ಕಿನ ರೆಕಾರ್ಡಿನ ತವರೂರು ಅದು! ಬ್ಲೈತ್ ರಸ್ತೆಯ ಆ ಗ್ರಾಮಫೋನ್ ಕಾರ್ಖಾನೆ 1931ರಲ್ಲಿ ಇಎಂಐ ಕಂಪನಿಯ ಪಾಲಾಯಿತು. ಈಗ ಯಂತ್ರದ ಸದ್ದಿಲ್ಲ. ಮನೆ, ಆಫೀಸುಗಳು ಎದ್ದಿವೆ.

ಆದರೆ ನಾನು ಹುಡುಕಿ ಹೋದದ್ದು ನಾಯಿಯನ್ನಲ್ಲ, ಅಮೆರಿಕದ ಕಪ್ಪು ಗಾಯಕರ ‘ಸೋಲ್’ ಸಂಗೀತದ ಜಾಡನ್ನು. ಹೆಸರು ಸೋಲ್ ಆದರೂ ಗೆದ್ದ ಸಂಗೀತ ಬಿಡಿ!

ಬೆರ್ರಿ ಗಾರ್ಡಿ ಎಂಬಾತ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಡೆಟ್ರಾಯಿಟ್‌ನಲ್ಲಿ ರೆಕಾರ್ಡ್ ಕಂಪನಿ ಕಟ್ಟಿದ. ಬ್ರಿಟನ್ನಿನಲ್ಲಿ ಅವನಿಗೆ ಕಾರ್ಖಾನೆಯೂ ಇಲ್ಲ, ಅಂಗಡಿಗೆ ಮಾಲು ಮುಟ್ಟಿಸುವವರೂ ಇಲ್ಲ. ಏನು ಮಾಡೋದು? ನಮ್ಮ ನಿರ್ಮಾಪಕರು ಹಂಚಿಕೆದಾರರಿಗೆ ಏರಿಯಾ ಹಕ್ಕು ಕೊಡ್ತಾರಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ. ಅವನು ಮೂಲ ಟೇಪು ಕಳಿಸೋದು. ಇಲ್ಲಿನ ಕಂಪನಿ ರೆಕಾರ್ಡು ಒತ್ತಿ, ತನ್ನ ಲೇಬಲ್ ಅಂಟಿಸಿ ಮಾರೋದು. ಮಾರಾಟವಾದಷ್ಟಕ್ಕೆ ರಾಯಲ್ಟಿ ಕೊಡೋದು. ಅಮೆರಿಕದ 45ರ ರೆಕಾರ್ಡಿನ ನಡುವೆ ದೊಡ್ಡ ತೂತು, ಬ್ರಿಟನ್ನಿನದಕ್ಕೆ ಚಿಕ್ಕದು. ಹಾಡು ಒಂದೇ, ಅಂಗಿ ಬೇರೆ!

ಈ ಹಾಡುಗಳು ಲಂಡನ್, ಫಾಂಟಾನಾ, ಓರಿಯೋಲ್, ಸ್ಟೇಟ್‌ಸೈಡ್ ಅಂತ ನಾಲ್ಕು ಲೇಬಲ್‌ಗಳ ಮನೆ ಸುತ್ತಿದವು. 1964ರಲ್ಲಿ ಸುಪ್ರೀಮ್ಸ್ ಹುಡುಗಿಯರ ‘ಬೇಬಿ ಲವ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. 1965ರ ಮಾರ್ಚಿನಲ್ಲಿ ಇಎಂಐ ಅವಕ್ಕೇ ಅಂತ ‘ಟ್ಯಾಮ್ಲಾ ಮೋಟೌನ್’ ಲೇಬಲ್ ತೆರೆಯಿತು. ಅಮೆರಿಕದಲ್ಲಿ ಟ್ಯಾಮ್ಲಾ ಬೇರೆ, ಮೋಟೌನ್ ಬೇರೆ. ಗಂಟು ಹಾಕಿದ್ದು ಇಲ್ಲಿ! ಆದರೂ ಆಗ ಪ್ರವಾಸ ಬಂದ ಗಾಯಕರಿಗೆ ಎಷ್ಟೋ ಊರುಗಳಲ್ಲಿ ಕಂಡದ್ದು ಖಾಲಿ ಕುರ್ಚಿಗಳೇ.

ಅಸಲು ಮಜಾ ಮುಂದಿದೆ. ಸ್ಮೋಕಿ ರಾಬಿನ್ಸನ್ ಮತ್ತು ಮಿರಾಕಲ್ಸ್ ತಂಡದ ‘ದಿ ಟಿಯರ್ಸ್ ಆಫ್ ಎ ಕ್ಲೌನ್’ 1967ರ ಒಂದು ಎಲ್ಪಿಯ ಮೂಲೆಯಲ್ಲಿ ಬಿದ್ದಿತ್ತು. ಡೆಟ್ರಾಯಿಟ್‌ನವರಿಗೆ ಅದರ ನೆನಪೇ ಇರಲಿಲ್ಲವೇನೋ! 1970ರಲ್ಲಿ ಬ್ರಿಟನ್ನಿನವರು ಅದನ್ನು ಹೆಕ್ಕಿ ಸಿಂಗಲ್ ಮಾಡಿದರು. ಸೆಪ್ಟೆಂಬರಿನಲ್ಲಿ ಇಲ್ಲಿ ನಂಬರ್ ಒನ್! ಆಮೇಲೆ ಎಚ್ಚೆತ್ತ ಅಮೆರಿಕದಲ್ಲೂ ಡಿಸೆಂಬರಿನಲ್ಲಿ ನಂಬರ್ ಒನ್! ತಂಡ ಬಿಡುವ ಯೋಚನೆಯಲ್ಲಿದ್ದ ಸ್ಮೋಕಿ 1972ರವರೆಗೆ ಉಳಿದ.

ಬರುವಾಗ ಹಳೇ ಅಂಗಡಿಯೊಂದರಲ್ಲಿ ಅದೇ ರೆಕಾರ್ಡು ಕೊಂಡೆ. ಹೆತ್ತವಳು ದೇವಕಿ, ಸಾಕಿದವಳು ಯಶೋದೆ ಅಂತಾರಲ್ಲ, ಕೈಯಲ್ಲಿದ್ದ ಆ ಕಪ್ಪು ತಟ್ಟೆಯೂ ಹಾಗೇ ಕಂಡಿತು. ನಮ್ಮ ಚಿತ್ರಗೀತೆಗಳಲ್ಲೂ ಯಶೋದೆ ಸಿಗದೆ ಮೂಲೆಯಲ್ಲೇ ಉಳಿದವು ಎಷ್ಟಿವೆಯೋ, ಏನಂತೀರಿ?